ಪೋಸ್ಟ್‌ಗ್ರೆಸ್ ಹೊಸ ಆವೃತ್ತಿಗೆ ಹೋಗುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರು ಸುತ್ತಮುತ್ತ ಆಫೀಸಿನ ಮೂಲೆಯಲ್ಲೇ ಒಂದು ಸರ್ವರ್ ಇಟ್ಟುಕೊಂಡು ಕೆಲಸ ನಡೆಸುವವರು ಈಗ ಕಡಿಮೆಯೇನಿಲ್ಲ. ಎಸ್ಟೇಟಿನ ಚೆಕ್‌ರೋಲ್ (ಆಳುಗಳ ಹಾಜರಿ), ಬಟವಾಡೆ ಲೆಕ್ಕ, ಹೋಂಸ್ಟೇ ಬುಕಿಂಗ್, ಗೋಡೌನಿನ ಕಾಫಿ ಸ್ಟಾಕು, ಮನೆಯವರ ಫೋಟೋ ಹೀಗೆ ಏನೇನೋ ಅದರಲ್ಲಿರುತ್ತದೆ. ಇವುಗಳಲ್ಲಿ ಬಹಳಷ್ಟರ ಕೆಳಗೆ ಕೂತಿರುವುದು ಪೋಸ್ಟ್‌ಗ್ರೆಸ್ ಡೇಟಾಬೇಸ್. ಅದರ ಆವೃತ್ತಿ ಬದಲಿಸುವ ಮಾತು ಬಂದಾಗ ಮೂಡಿಗೆರೆಯವರು ಕೇಳುವುದೂ ಅದೇ, ಕೊಪ್ಪದವರು ಕೇಳುವುದೂ ಅದೇ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿದ್ದೇನೆ.

ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ. ನಮ್ಮಂಥ ಸಣ್ಣ ಡೇಟಾಬೇಸ್‌ಗಳಿಗೆ, ಡಂಪ್ (ಇಡೀ ಡೇಟಾಬೇಸಿನ ನಕಲು ಫೈಲು) ತೆಗೆದು ಹೊಸದಕ್ಕೆ ತುಂಬುವ ಹಳೇ ದಾರಿಯೇ ಒಳ್ಳೆಯದು. ಹೊಸದು ಸರಿಯಿದೆ ಎಂದು ಖಾತ್ರಿಯಾಗುವವರೆಗೆ ಹಳೆಯದನ್ನು ಮುಟ್ಟಬಾರದು. ಕೆಳಗಿನ ಉತ್ತರಗಳಲ್ಲಿ ಈ ಪಕ್ಷಪಾತ ಕಾಣುತ್ತದೆ, ಗೊತ್ತಿರಲಿ.

ಎಲ್ಲ ಸರಿಯಾಗೇ ನಡೀತಿದೆಯಲ್ಲ, ಸುಮ್ನೆ ಯಾಕೆ ಕೈ ಹಾಕಬೇಕು?

ನಡೆಯುತ್ತಿರುವುದು ನಿಜ. ಆದರೆ ಪೋಸ್ಟ್‌ಗ್ರೆಸ್‌ನ ಪ್ರತಿ ದೊಡ್ಡ ಆವೃತ್ತಿಯನ್ನೂ ಅದನ್ನು ಕಟ್ಟುವವರು ನೋಡಿಕೊಳ್ಳುವುದು 5 ವರ್ಷ ಮಾತ್ರ. ಆಮೇಲೆ ಭದ್ರತೆಯ ದೋಷ ಸಿಕ್ಕರೂ ತಿದ್ದುಪಡಿ ಬರುವುದಿಲ್ಲ. 12ನೇ ಆವೃತ್ತಿಯ ಕಾಲ 2024ರ ನವೆಂಬರ್‌ಗೆ ಮುಗಿಯಿತು, 13ರದ್ದು 2025ರ ನವೆಂಬರ್‌ಗೆ. 14ರ ಗಡುವು 2026ರ ನವೆಂಬರ್.

"ನಮ್ಮದು ಆಫೀಸಿನ ಒಳಗೇ ಇದೆ, ಇಂಟರ್ನೆಟ್‌ಗೆ ತೆರೆದಿಲ್ಲ" ಎನ್ನುವವರಿದ್ದಾರೆ. ಅದೇ ವೈಫೈಗೆ ಹೋಂಸ್ಟೇಗೆ ಬಂದ ಅತಿಥಿಗಳೂ ಸೇರಿಕೊಳ್ಳುತ್ತಾರೆ ಅಲ್ವಾ?

ಇನ್ನೊಂದು ಕಾರಣವೂ ಇದೆ. ಒಡೂ, ನೆಕ್ಸ್ಟ್‌ಕ್ಲೌಡ್ ತರಹದ ತಂತ್ರಾಂಶಗಳು ತಮ್ಮ ಹೊಸ ಆವೃತ್ತಿಗಳಲ್ಲಿ ಹಳೇ ಪೋಸ್ಟ್‌ಗ್ರೆಸ್‌ಗಳನ್ನು ಒಂದೊಂದಾಗಿ ಕೈಬಿಡುತ್ತವೆ. ತಡ ಮಾಡಿದರೆ ಎರಡನ್ನೂ ಒಂದೇ ದಿನ ಬದಲಿಸುವ ಪರಿಸ್ಥಿತಿ ಬರುತ್ತದೆ. ಆಗ ಏನಾದರೂ ಕೆಟ್ಟರೆ ಯಾವುದರಿಂದ ಕೆಟ್ಟಿತು ಎಂದೇ ತಿಳಿಯುವುದಿಲ್ಲ.

ನನ್ನದು ಯಾವ ಆವೃತ್ತಿ ಅಂತ ಹೇಗೆ ನೋಡೋದು?

ಡೇಟಾಬೇಸ್ ಒಳಗೆ ಹೋಗಿ 'ಶೋ ಸರ್ವರ್ ವರ್ಷನ್' ಎಂದು ಕೇಳಿ. ಟರ್ಮಿನಲ್‌ನಲ್ಲಿ ಪಿಎಸ್‌ಕ್ಯುಎಲ್‌ನ ವರ್ಷನ್ ಕೇಳಿದರೆ ಬರುವುದು ಆ ಪುಟ್ಟ ಉಪಕರಣದ ಆವೃತ್ತಿ, ಸರ್ವರ್‌ದಲ್ಲ. ಎರಡೂ ಬೇರೆ ಬೇರೆ ಇರಬಹುದು. ಡೇಟಾ ಡೈರೆಕ್ಟರಿಯೊಳಗೆ ಪಿಜಿ-ವರ್ಷನ್ ಎಂಬ ಫೈಲೂ ಇರುತ್ತದೆ. ಸರ್ವರ್ ಏಳದೇ ಇದ್ದಾಗ ಅದನ್ನು ತೆರೆದು ನೋಡಬಹುದು. ನೋಡಬಹುದು ಅಷ್ಟೇ. ಅದರೊಳಗಿನ ನಂಬರನ್ನು ತಿದ್ದಿದರೆ ಸರ್ವರ್ ಮೋಸ ಹೋಗಿ ಎದ್ದುಬಿಡುತ್ತದೆ ಎಂಬ ಆಸೆ ಬೇಡ.

14.9ರಿಂದ 14.19ಕ್ಕೆ ಹೋಗೋದಕ್ಕೂ ಇಷ್ಟೆಲ್ಲ ರಗಳೆ ಬೇಕಾ?

ಬೇಡ. ಅದು ಸಣ್ಣ ಅಪ್‌ಡೇಟ್. ಪ್ಯಾಕೇಜ್ ಬದಲಿಸಿ, ಸರ್ವರ್ ರೀಸ್ಟಾರ್ಟ್ ಮಾಡಿದರೆ ಸಾಕು. ಚುಕ್ಕೆಗಿಂತ ಮೊದಲಿನ ನಂಬರ್ ಬದಲಾದರೆ ಮಾತ್ರ ಈ ಪುಟ ಓದಿ. 10ನೇ ಆವೃತ್ತಿಗಿಂತ ಹಳೆಯದಾಗಿದ್ದರೆ ಲೆಕ್ಕ ಬೇರೆ. ಅಲ್ಲಿ 9.5ರಿಂದ 9.6ಕ್ಕೆ ಹೋಗುವುದೂ ದೊಡ್ಡ ಬದಲಾವಣೆಯೇ.

ಯಾವ ಆವೃತ್ತಿಗೆ ಹೋಗಲಿ? ಮಧ್ಯದ್ದನ್ನೆಲ್ಲ ದಾಟಿ ನೇರ ಜಿಗಿಯಬಹುದಾ?

ಮೊದಲು ನಿಮ್ಮ ತಂತ್ರಾಂಶ ಯಾವುದನ್ನು ಒಪ್ಪುತ್ತದೆ ನೋಡಿ. ಅದು 16ರವರೆಗೆ ಎಂದು ಹೇಳಿದರೆ 16ಕ್ಕೇ ಹೋಗಿ. ಮಿತಿ ಇಲ್ಲದಿದ್ದರೆ 17 ಅಥವಾ 18. 17ಕ್ಕೆ 2029ರ ನವೆಂಬರ್‌ವರೆಗೆ, 18ಕ್ಕೆ 2030ರ ನವೆಂಬರ್‌ವರೆಗೆ ತಿದ್ದುಪಡಿಗಳು ಬರುತ್ತವೆ. ಪ್ರತಿ ವರ್ಷ ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ಹೊಸದೊಂದು ಬರುತ್ತದೆ. ಆಗ ತಾನೇ ಬಂದದ್ದಕ್ಕೆ ಲೆಕ್ಕಪತ್ರದ ಸರ್ವರನ್ನು ಒಯ್ಯುವ ಅವಸರ ನನಗಂತೂ ಇಲ್ಲ.

ನೇರ ಜಿಗಿಯಬಹುದು. 10ರಿಂದ 17ಕ್ಕೂ ಒಂದೇ ನೆಗೆತ ಸಾಕು. ಆದರೆ ನಡುವಿನ ಪ್ರತಿ ಆವೃತ್ತಿಯ ಟಿಪ್ಪಣಿಯಲ್ಲೂ "ಹಿಂದಿನದಕ್ಕೆ ಹೊಂದದ ಬದಲಾವಣೆಗಳು" ಎಂಬ ಭಾಗ ಇರುತ್ತದೆ. ಅದನ್ನು ಮಾತ್ರ ಎಲ್ಲ ಆವೃತ್ತಿಗಳದ್ದೂ ಓದಲೇಬೇಕು.

ಡಾಕರ್‌ನಲ್ಲಿ ಇಮೇಜ್ ನಂಬರ್ ಬದಲಿಸಿದೆ. ಈಗ ಡೇಟಾಬೇಸ್ ಏಳ್ತಾನೇ ಇಲ್ಲ. ಡೇಟಾ ಹೋಯ್ತಾ?

ಹೋಗಿಲ್ಲ. ಮೊದಲು ಉಸಿರು ಬಿಡಿ.

ಡಾಕರ್ ಎಂದರೆ ತಂತ್ರಾಂಶವನ್ನು ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಯಲ್ಲಿ ಓಡಿಸುವ ವ್ಯವಸ್ಥೆ, ಇಮೇಜ್ ಆ ಡಬ್ಬಿಯ ಅಚ್ಚು. ಲಾಗ್ ತೆರೆದರೆ, ಡೇಟಾ ಫೈಲುಗಳು ಈ ಸರ್ವರ್‌ಗೆ ಹೊಂದುವುದಿಲ್ಲ, ಇವು 13ನೇ ಆವೃತ್ತಿಯಲ್ಲಿ ಶುರುವಾದವು ಎಂಬ ಅರ್ಥದ ಸಾಲು ಕಾಣುತ್ತದೆ. ಕಂಟೇನರ್ ಏಳುತ್ತದೆ, ಆ ಸಾಲು ಬರೆಯುತ್ತದೆ, ಬೀಳುತ್ತದೆ, ಮತ್ತೆ ಏಳುತ್ತದೆ. ದೊಡ್ಡ ಆವೃತ್ತಿ ಬದಲಾದರೆ ಡಿಸ್ಕ್ ಮೇಲೆ ಮಾಹಿತಿ ಇಡುವ ಒಳಗಿನ ರೀತಿಯೂ ಬದಲಾಗಬಹುದು. ಅದಕ್ಕೇ ಹೊಸ ಸರ್ವರ್ ಹಳೇ ಡೈರೆಕ್ಟರಿಯನ್ನು ಮುಟ್ಟದೇ ಹಿಂದೆ ಸರಿಯುತ್ತದೆ. ಇದು ಕೆಟ್ಟು ನಿಂತದ್ದಲ್ಲ, ಬೇಕೆಂದೇ ನಿಂತದ್ದು. ಇಮೇಜ್ ನಂಬರನ್ನು ಮೊದಲು ಇದ್ದಂತೆ 13 ಎಂದು ಬರೆದು ಎಬ್ಬಿಸಿ. ಎಲ್ಲ ಇದ್ದ ಹಾಗೇ ಬರುತ್ತದೆ.

ಈ ಅನಾಹುತ ಜಾಸ್ತಿ ಆಗುವುದು ಇಮೇಜ್ ಹೆಸರಿನ ಮುಂದೆ ನಂಬರ್ ಬದಲು 'ಲೇಟೆಸ್ಟ್' ಎಂದು ಬರೆದಿಟ್ಟವರಿಗೆ. ಯಾರೋ ಒಬ್ಬರು ಪುಲ್ ಮಾಡುತ್ತಾರೆ, ಅದು ಸದ್ದಿಲ್ಲದೆ ಎರಡು ಆವೃತ್ತಿ ಮುಂದೆ ಹೋಗಿ ಕೂರುತ್ತದೆ. ಡೇಟಾಬೇಸ್ ಇಮೇಜ್‌ಗೆ ಯಾವತ್ತೂ ನಂಬರ್ ಕೊಟ್ಟೇ ಬರೆಯಿರಿ.

18ಕ್ಕೆ ಹೋಗುವವರು ಇನ್ನೊಂದು ನೋಡಬೇಕು. ಅಧಿಕೃತ ಇಮೇಜ್‌ನಲ್ಲಿ ಡೇಟಾ ಇಡುವ ಜಾಗ ಆ ಆವೃತ್ತಿಯಿಂದ ಬದಲಾಗಿದೆ. ಮೊದಲು ವಾಲ್ಯೂಮನ್ನು (ಡೇಟಾ ಉಳಿಯುವ ಡಿಸ್ಕಿನ ಜಾಗ) ಪೋಸ್ಟ್‌ಗ್ರೆಸ್ ಫೋಲ್ಡರ್‌ನೊಳಗಿನ 'ಡೇಟಾ' ಎಂಬಲ್ಲಿಗೆ ಮೌಂಟ್ ಮಾಡುತ್ತಿದ್ದೆವು. ಈಗ ಅದರ ಒಂದು ಹಂತ ಮೇಲೆ ಮಾಡಬೇಕು, ಒಳಗೆ ಆವೃತ್ತಿಗೊಂದು ಫೋಲ್ಡರ್ ಅದೇ ಮಾಡಿಕೊಳ್ಳುತ್ತದೆ. ಹಳೇ ಕಂಪೋಸ್ ಫೈಲಿನಲ್ಲಿ (ಡಾಕರ್‌ನ ಸೆಟ್ಟಿಂಗ್ ಫೈಲು) ಬರೀ ನಂಬರ್ ತಿದ್ದಿದರೆ ಇಲ್ಲಿ ಸಿಕ್ಕಿಬೀಳುತ್ತೀರಿ.

ದಾರಿಗಳು ಎಷ್ಟಿವೆ? ನಮಗೆ ಯಾವುದು?

ಮೂರು. ಒಂದು, ಪಿಜಿ-ಡಂಪ್‌ನಿಂದ ಎಲ್ಲವನ್ನೂ ಹೊರಗೆ ತೆಗೆದು ಹೊಸ ಸರ್ವರ್‌ಗೆ ತುಂಬುವುದು. ಎರಡು, ಪಿಜಿ-ಅಪ್‌ಗ್ರೇಡ್ ಬಳಸಿ ಡೇಟಾ ಫೈಲುಗಳನ್ನೇ ಹೊಸದರ ಕೈಗೆ ಒಪ್ಪಿಸುವುದು. ಮೂರು, ಲಾಜಿಕಲ್ ರೆಪ್ಲಿಕೇಶನ್, ಅಂದರೆ ಹಳೆಯದು ನಡೆಯುತ್ತಿರುವಾಗಲೇ ಹೊಸದಕ್ಕೆ ಹರಿಸಿ ಕೊನೆಗೆ ಒಂದು ಕ್ಷಣದಲ್ಲಿ ಬದಲಿಸುವುದು. ಮೂರನೆಯದು ಒಂದು ನಿಮಿಷವೂ ನಿಲ್ಲಿಸಲಾಗದವರಿಗೆ. ಸಂಜೆ 5ಕ್ಕೆ ಬೀಗ ಹಾಕುವ ಆಫೀಸಿಗೆ ಆ ಉಸಾಬರಿ ಬೇಡ.

ಪಿಜಿ-ಅಪ್‌ಗ್ರೇಡ್ ವೇಗದ್ದು, ನೂರಾರು ಜಿಬಿ ಇದ್ದರೆ ಅದೇ ಸರಿ. ಅದರಲ್ಲಿ 'ಚೆಕ್' ಆಯ್ಕೆ ಇದೆ, ಏನನ್ನೂ ಬದಲಿಸದೆ ಅಡ್ಡಿಗಳನ್ನು ಮೊದಲೇ ಹೇಳುತ್ತದೆ. ಆದರೆ ಫೈಲುಗಳನ್ನು ನಕಲು ಮಾಡಿಕೊಂಡರೆ ಡಿಸ್ಕಿನಲ್ಲಿ ಎರಡರಷ್ಟು ಜಾಗ ಬೇಕು. ಜಾಗ ಉಳಿಸಲು 'ಲಿಂಕ್' ಆಯ್ಕೆ ಹಾಕಿದರೆ ಹಳೆಯದೂ ಹೊಸದೂ ಒಂದೇ ಫೈಲನ್ನು ಹಂಚಿಕೊಳ್ಳುತ್ತವೆ. ಹೊಸ ಸರ್ವರನ್ನು ಒಮ್ಮೆ ಎಬ್ಬಿಸಿದಿರೋ, ಹಳೆಯದನ್ನು ಮತ್ತೆ ನಂಬಿ ಬಳಸುವಂತಿಲ್ಲ. ಮನೆಮಂದಿ ಒಳಗಿರುವಾಗಲೇ ಹೆಂಚು ಇಳಿಸಿದ ಹಾಗೆ, ಮಳೆ ಬರದಿದ್ದರೆ ಬಹಳ ಬೇಗ ಮುಗಿಯುವ ಕೆಲಸ.

ನಮ್ಮ ಕಡೆಯ ಎಸ್ಟೇಟ್ ಲೆಕ್ಕ, ಬುಕಿಂಗ್ ಡೇಟಾಬೇಸ್‌ಗಳು ಎಷ್ಟೇ ವರ್ಷ ಹಳೆಯದಾದರೂ ಕೆಲವು ಜಿಬಿ ದಾಟುವುದು ಅಪರೂಪ. ಜಾಗ ತಿನ್ನುವುದು ಸ್ಕ್ಯಾನ್ ಮಾಡಿದ ಬಿಲ್ಲು, ಫೋಟೋ. ಅವು ಸಾಮಾನ್ಯವಾಗಿ ಬೇರೆ ಫೋಲ್ಡರ್‌ನಲ್ಲಿರುತ್ತವೆ. ಅದಕ್ಕೇ ಡಂಪ್ ದಾರಿ. ಅದರಲ್ಲಿ ಹಳೆಯದಕ್ಕೆ ಏನೂ ಆಗುವುದಿಲ್ಲ. ಅರ್ಧದಲ್ಲಿ ಕರೆಂಟ್ ಹೋದರೆ ಹೊಸದನ್ನು ಅಳಿಸಿ ಮತ್ತೆ ಶುರು ಮಾಡಿ, ಅಷ್ಟೇ.

ಡಂಪ್ ದಾರಿಯಲ್ಲಿ ಯಾವುದಾದ ಮೇಲೆ ಯಾವುದು ಮಾಡಬೇಕು?

ಮೊದಲು ಹೊಸ ಸರ್ವರನ್ನು ಪಕ್ಕದಲ್ಲಿ ನಿಲ್ಲಿಸಿ. ಬೇರೆ ಡೈರೆಕ್ಟರಿ, ಬೇರೆ ಪೋರ್ಟ್ (ಸಂಪರ್ಕದ ಬಾಗಿಲಿನ ನಂಬರ್). ಹಳೆಯದು 5432ರಲ್ಲಿದ್ದರೆ ಹೊಸದು 5433ರಲ್ಲಿರಲಿ. ಹಳೆಯದರಲ್ಲಿ ಯಾವ ಎಕ್ಸ್‌ಟೆನ್ಷನ್‌ಗಳಿವೆ (ಹೆಚ್ಚುವರಿ ಸೌಲಭ್ಯದ ತುಣುಕುಗಳು) ಎಂದು ಪಟ್ಟಿ ಮಾಡಿ, ಅವನ್ನು ಹೊಸದಕ್ಕೂ ಮೊದಲೇ ಹಾಕಿಡಿ. ಎಸ್ಟೇಟ್ ನಕ್ಷೆಗೆ ಪೋಸ್ಟ್‌ಜಿಐಎಸ್ ಬಳಸುವವರು ಇಲ್ಲೇ ಎಡವುವುದು. ಇಮ್ಮಿಚ್ ಫೋಟೋ ಸರ್ವರ್ ಇದ್ದರೆ ಅದಕ್ಕೆ ವೆಕ್ಟರ್ ಎಕ್ಸ್‌ಟೆನ್ಷನ್ ಬೇಕು. ಅವರೇ ಕೊಡುವ ಡೇಟಾಬೇಸ್ ಇಮೇಜನ್ನೇ ಬಳಸಿ, ನಿಮ್ಮದೇ ಅಡುಗೆ ಬೇಡ.

ಆಮೇಲೆ ತಂತ್ರಾಂಶ ನಿಲ್ಲಿಸಿ. ಡೇಟಾಬೇಸ್ ಅಲ್ಲ, ಅದಕ್ಕೆ ಬರೆಯುವ ತಂತ್ರಾಂಶ. ಪಿಜಿ-ಡಂಪ್ ಶುರುವಾದ ಕ್ಷಣದ ಚಿತ್ರವನ್ನು ಮಾತ್ರ ಹಿಡಿಯುತ್ತದೆ. ಅದು ಓಡುತ್ತಿರುವಾಗ ಯಾರಾದರೂ ವೋಚರ್ ಹಾಕಿದರೆ ಯಾವ ದೂರೂ ಬರುವುದಿಲ್ಲ, ಆ ವೋಚರ್ ಹೊಸದಕ್ಕೆ ಬರುವುದೂ ಇಲ್ಲ. ಮೊಬೈಲಿನಲ್ಲಿ ಲಾಗಿನ್ ಆಗಿ ಕೂತ ಮೇಸ್ತ್ರಿಯವರಿಗೂ ಮೊದಲೇ ಫೋನ್ ಮಾಡಿ ಹೇಳಿಬಿಡಿ.

ಡಂಪ್ ತೆಗೆಯಲು ಹೊಸ ಆವೃತ್ತಿಯ ಪಿಜಿ-ಡಂಪನ್ನೇ ಬಳಸಿ. ಅದು ಹಳೇ ಸರ್ವರ್ ಜತೆ ಮಾತಾಡಬಲ್ಲದು. ಹಳೇ ಪಿಜಿ-ಡಂಪ್‌ಗೆ ಹೊಸ ಸರ್ವರ್ ಜತೆ ಮಾತು ಬರುವುದಿಲ್ಲ. ಕಸ್ಟಮ್ ಫಾರ್ಮ್ಯಾಟ್ ಆರಿಸಿಕೊಂಡರೆ ಫೈಲ್ ಕುಗ್ಗಿರುತ್ತದೆ, ಮುಂದೆ ಒಂದು ಟೇಬಲ್ ಮಾತ್ರ ಬೇಕೆಂದರೂ ತೆಗೆಯಬಹುದು. ಪಿಜಿ-ಡಂಪ್ ಬಳಕೆದಾರರನ್ನೂ ಅವರ ಪಾಸ್‌ವರ್ಡ್‌ಗಳನ್ನೂ ತರುವುದಿಲ್ಲ. ಅದಕ್ಕೆ ಪಿಜಿ-ಡಂಪ್‌ಆಲ್‌ನಲ್ಲಿ 'ಗ್ಲೋಬಲ್ಸ್ ಓನ್ಲಿ' ಆಯ್ಕೆ ಹಾಕಿ ಇನ್ನೊಂದು ಸಣ್ಣ ಫೈಲ್ ತೆಗೆದುಕೊಳ್ಳಬೇಕು. ಡಾಕರ್‌ನವರಿಗೆ ಒಂದು ಮಾತು: ಎಕ್ಸೆಕ್ (ಕಂಟೇನರ್ ಒಳಗೆ ಕಮಾಂಡ್ ಓಡಿಸುವುದು) ಜತೆ 'ಟಿ' ಆಯ್ಕೆ ಹಾಕಿ ಡಂಪನ್ನು ಫೈಲಿಗೆ ತಿರುಗಿಸಿದರೆ ಸಾಲಿನ ಕೊನೆಗಳಲ್ಲಿ ಹೆಚ್ಚುವರಿ ಅಕ್ಷರ ಸೇರಿಕೊಂಡು ಕಸ್ಟಮ್ ಫೈಲ್ ಹಾಳಾಗುತ್ತದೆ. ಫೈಲಿನ ಗಾತ್ರ ನೋಡಿದರೆ ಚೆನ್ನಾಗೇ ಇರುತ್ತದೆ. ತುಂಬುವಾಗಲೇ ಬಣ್ಣ ಬಯಲಾಗುವುದು.

ತುಂಬುವಾಗ ಮೊದಲು ಬಳಕೆದಾರರು, ಆಮೇಲೆ ಖಾಲಿ ಡೇಟಾಬೇಸ್, ಆಮೇಲೆ ಪಿಜಿ-ರಿಸ್ಟೋರ್. ಮೊದಲ ತಪ್ಪಿಗೇ ನಿಲ್ಲುವ ಆಯ್ಕೆಯನ್ನು ಹಾಕಿ. ಇಲ್ಲದಿದ್ದರೆ ತಪ್ಪುಗಳನ್ನು ಪರದೆ ಮೇಲೆ ಓಡಿಸಿಕೊಂಡು ಕೊನೆಯವರೆಗೆ ಹೋಗಿಬಿಡುತ್ತದೆ, ನೋಡಿದವರಿಗೆ ಮುಗಿಯಿತು ಎಂದು ಅನಿಸುತ್ತದೆ. ಕೊನೆಗೆ ಅನಲೈಜ್ ಓಡಿಸಿ, ಟೇಬಲ್‌ಗಳಲ್ಲಿ ಏನು ಎಷ್ಟಿದೆ ಎಂಬ ಅಂದಾಜು ಕಟ್ಟುವುದು ಅದೇ. ಆಮೇಲೆ ತಾಳೆ ನೋಡುವುದು, ಅದಕ್ಕೆ ಪ್ರತ್ಯೇಕ ಪ್ರಶ್ನೆಯೇ ಇದೆ.

ತಾಳೆ ನೋಡೋದು ಅಂದರೆ ಏನೇನು?

ಟೇಬಲ್‌ಗಳ ಸಾಲು ಎಣಿಸುವುದು ಮೊದಲ ಮೆಟ್ಟಿಲು. ಅಂಕಿಅಂಶದ ಟೇಬಲ್‌ಗಳಲ್ಲಿ ಕಾಣುವ ಅಂದಾಜು ಸಂಖ್ಯೆ ಬೇಡ, ನಿಜವಾಗಿ ಕೌಂಟ್ ಮಾಡಿ. ಆದರೆ ಸಾಲು ಸರಿಯಿದ್ದ ಮಾತ್ರಕ್ಕೆ ಕೆಲಸ ಆಗಲಿಲ್ಲ. ಕೊನೆಯ ವೋಚರ್ ನಂಬರ್, ಆಳುಗಳ ಅಡ್ವಾನ್ಸ್ ಬಾಕಿಯ ಒಟ್ಟು ಮೊತ್ತ, ಗೋಡೌನಿನಲ್ಲಿ ಇವತ್ತಿರುವ ಚೆರ್ರಿ ಮೂಟೆ ಎಷ್ಟು ಎಂಬುದನ್ನೆಲ್ಲ ಎರಡೂ ಕಡೆ ತೆಗೆದು ನೋಡಿ. ಹೊಸದರಲ್ಲಿ ಸುಳ್ಳು ದಾಖಲೆ ಒಂದನ್ನು ಸೇರಿಸಿ ಅಳಿಸಿ. ಸೀಕ್ವೆನ್ಸ್ (ಮುಂದಿನ ಕ್ರಮಸಂಖ್ಯೆ ಕೊಡುವ ಎಣಿಕೆ) ಸರಿ ಬಂದಿಲ್ಲದಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಇದನ್ನು ಕಂಪ್ಯೂಟರ್ ಬಲ್ಲವರಿಗಿಂತ ಲೆಕ್ಕ ಬಲ್ಲವರು ಚೆನ್ನಾಗಿ ಮಾಡುತ್ತಾರೆ. ಆಲ್ದೂರು ಕಡೆಯ ಒಂದು ಎಸ್ಟೇಟಿನಲ್ಲಿ ಎಲ್ಲ ಸಾಲುಗಳೂ ಹೊಂದಿದ್ದವು, ಮೊತ್ತಗಳೂ ಹೊಂದಿದ್ದವು. ಲೆಕ್ಕ ಬರೆಯುವ ರೈಟರು ಮಾತ್ರ ಕನ್ನಡಕ ಹಾಕಿಕೊಂಡು ಹಿಂದಿನ ವಾರದ ಕಾಗದದ ಚೆಕ್‌ರೋಲನ್ನು ಪರದೆ ಪಕ್ಕ ಹಿಡಿದರು. ಹಗಲಿನ ಹಾಜರಿಯೆಲ್ಲ ಸರಿ. "ಕಣದ ಕಾವಲಿನವರದ್ದು ಒಂದು ದಿನ ಹಿಂದೆ ಹೋಗಿದೆಯಲ್ಲ" ಎಂದರು. ಬೆಳಗಿನ ಜಾವ 2 ಗಂಟೆಗೆ ದಾಖಲಾದ ಹಾಜರಿ ಹಿಂದಿನ ತಾರೀಖಿನಲ್ಲಿ ಕೂತಿತ್ತು. ಹಳೇ ಸರ್ವರ್‌ನ ಸೆಟ್ಟಿಂಗ್ ಫೈಲಿನಲ್ಲಿ ಟೈಮ್‌ಝೋನ್ ಏಷ್ಯಾ-ಕೋಲ್ಕತ್ತಾ ಎಂದಿತ್ತು. ಹೊಸದು ಕಂಟೇನರ್, ಅದರ ಗಡಿಯಾರ ಯುಟಿಸಿಯಲ್ಲಿ. ಐದೂವರೆ ಗಂಟೆ ಹಿಂದೆ. ಹೀಗಾಗಿ ಮಧ್ಯರಾತ್ರಿಯಿಂದ ಐದೂವರೆಯೊಳಗೆ ಆದದ್ದೆಲ್ಲ ಹಿಂದಿನ ದಿನಕ್ಕೆ ಜಾರಿತ್ತು. ಒಳಗಿನ ಡೇಟಾ ಕೆಟ್ಟಿರಲಿಲ್ಲ, ತೋರಿಸುವುದರಲ್ಲಿ ವ್ಯತ್ಯಾಸ. ಒಂದು ಸಾಲು ತಿದ್ದಿದ್ದಕ್ಕೆ ಸರಿಹೋಯಿತು. ಆದರೆ ಬಟವಾಡೆ ಆಗಿಬಿಟ್ಟಿದ್ದರೆ ಒಂದು ರಾತ್ರಿಯ ಕೂಲಿಗೆ ಜಗಳವೇ ಆಗುತ್ತಿತ್ತು.

ಸೆಟ್ಟಿಂಗ್ ಫೈಲುಗಳು ಡಂಪ್‌ನಲ್ಲಿ ಬರುವುದಿಲ್ಲ, ಪಿಜಿ-ಅಪ್‌ಗ್ರೇಡ್ ಕೂಡ ತರುವುದಿಲ್ಲ. ಹಳೆಯದನ್ನು ಹಾಗೇ ನಕಲು ಮಾಡಬೇಡಿ, ಕೆಲವು ಆಯ್ಕೆಗಳು ಹೊಸದರಲ್ಲಿ ಇರುವುದೇ ಇಲ್ಲ. ಪಕ್ಕಪಕ್ಕ ಇಟ್ಟು ಬೇಕಾದ ಸಾಲುಗಳನ್ನು ಮಾತ್ರ ಬರೆಯಿರಿ.

ಉಬುಂಟು ಅಪ್‌ಗ್ರೇಡ್ ಮಾಡಿದ ಮೇಲೆ ಎರಡೆರಡು ಪೋಸ್ಟ್‌ಗ್ರೆಸ್ ಕಾಣ್ತಿದೆ. ಯಾವುದು ನಿಜ?

ಎರಡೂ ನಿಜ, ಒಂದು ಖಾಲಿ. ಉಬುಂಟು 22.04 ಜತೆ ಬರುವುದು ಪೋಸ್ಟ್‌ಗ್ರೆಸ್ 14, 24.04 ಜತೆ 16. ಆಪರೇಟಿಂಗ್ ಸಿಸ್ಟಮ್ ಬದಲಾದಾಗ 16ರ ಒಂದು ಖಾಲಿ ಕ್ಲಸ್ಟರ್ (ಒಂದು ಸರ್ವರ್ ನೋಡಿಕೊಳ್ಳುವ ಡೇಟಾಬೇಸ್‌ಗಳ ಗುಂಪು) 5433ರಲ್ಲಿ ಹುಟ್ಟಿಕೊಳ್ಳುತ್ತದೆ. ನಿಮ್ಮ ಲೆಕ್ಕವೆಲ್ಲ ಇನ್ನೂ 5432ರ 14ರಲ್ಲೇ ಇರುತ್ತದೆ. ಪಿಜಿ-ಎಲ್‌ಎಸ್‌ಕ್ಲಸ್ಟರ್ಸ್ ಎಂಬ ಕಮಾಂಡ್ ಎರಡನ್ನೂ ಪೋರ್ಟ್ ಸಮೇತ ತೋರಿಸುತ್ತದೆ.

ಡೆಬಿಯನ್-ಉಬುಂಟುವಿನಲ್ಲಿ ಪಿಜಿ-ಅಪ್‌ಗ್ರೇಡ್‌ಕ್ಲಸ್ಟರ್ ಎಂಬ ಅನುಕೂಲವೂ ಇದೆ. ಅದು ಡೇಟಾ ಸಾಗಿಸಿ, ಸೆಟ್ಟಿಂಗ್‌ಗಳನ್ನೂ ತಂದು, ಪೋರ್ಟ್‌ಗಳನ್ನೂ ಅದಲು ಬದಲು ಮಾಡಿಕೊಡುತ್ತದೆ. ಆದರೆ ಅದಕ್ಕೆ ಮೊದಲು ಅದೇ ಹೆಸರಿನ ಖಾಲಿ 16ನ್ನು ಪಿಜಿ-ಡ್ರಾಪ್‌ಕ್ಲಸ್ಟರ್‌ನಿಂದ ತೆಗೆಯಬೇಕು. ಇಲ್ಲಿ 16 ಬರೆಯುವ ಜಾಗದಲ್ಲಿ 14 ಬರೆದರೆ ಕಥೆ ಮುಗಿಯಿತು, ಅದು ಮೀನಮೇಷ ಎಣಿಸುವುದಿಲ್ಲ. ಎಂಟರ್ ಒತ್ತುವ ಮೊದಲು ಕೈ ಕೀಬೋರ್ಡಿನಿಂದ ತೆಗೆದು ಸಾಲನ್ನು ಜೋರಾಗಿ ಓದಿ. ಡಂಪ್ ಬೇರೆ ಡಿಸ್ಕಿನಲ್ಲಿ ಇಲ್ಲದೆ ಈ ಕಮಾಂಡ್ ಮುಟ್ಟಲೇ ಬೇಡಿ.

ವಿಂಡೋಸ್‌ನಿಂದ ಲಿನಕ್ಸ್‌ಗೂ ಹೋಗಬೇಕು. ಡಂಪ್‌ನಲ್ಲಿ ಕನ್ನಡ ಹೆಸರೆಲ್ಲ ಚೆಲ್ಲಾಪಿಲ್ಲಿ ಆಗಿದೆ, ಯಾಕೆ?

ಬಹುತೇಕ ಪವರ್‌ಶೆಲ್ ಕೆಲಸ. ವಿಂಡೋಸ್ ಜತೆ ಬರುವ ಪವರ್‌ಶೆಲ್‌ನಲ್ಲಿ ಡಂಪನ್ನು ಬಾಣದ ಗುರುತಿನಿಂದ ಫೈಲಿಗೆ ತಿರುಗಿಸಿದರೆ ಅದು ಸುಮ್ಮನೆ ಬರೆಯುವುದಿಲ್ಲ. ಬಂದ ಅಕ್ಷರಗಳನ್ನು ತನಗೆ ತಿಳಿದ ಹಾಗೆ ಓದಿ, ಯುಟಿಎಫ್-16ರಲ್ಲಿ ಬರೆಯುತ್ತದೆ. ಕನ್ನಡದ ಒಂದೊಂದು ಅಕ್ಷರಚಿಹ್ನೆ ಯುಟಿಎಫ್-8ರಲ್ಲಿ 3 ಬೈಟ್ ಹಿಡಿಯುತ್ತದೆ. ಆ ಮೂರನ್ನೂ ಬೇರೆ ಬೇರೆ ಅಕ್ಷರ ಎಂದುಕೊಂಡರೆ 'ಲಕ್ಷ್ಮಮ್ಮ' ಗುರುತೇ ಸಿಗದ ಚಿಹ್ನೆಗಳ ಸಾಲಾಗುತ್ತದೆ. ಪರಿಹಾರ ಸುಲಭ. ಬಾಣ ಬೇಡ, ಪಿಜಿ-ಡಂಪ್‌ನ ಫೈಲ್ ಆಯ್ಕೆಯಲ್ಲೇ ಹೆಸರು ಕೊಡಿ. ಆಗ ನಡುವೆ ಯಾರೂ ಕೈ ಹಾಕುವುದಿಲ್ಲ. ಮೂಲ ಡೇಟಾಬೇಸ್ ಸರಿಯಾಗೇ ಇರುತ್ತದೆ, ಡಂಪ್ ಮಾತ್ರ ಮತ್ತೆ ತೆಗೆಯಿರಿ.

ವಿಂಡೋಸ್‌ನಿಂದ ಲಿನಕ್ಸ್‌ಗೆ ಪಿಜಿ-ಅಪ್‌ಗ್ರೇಡ್ ನಡೆಯುವುದಿಲ್ಲ, ಡಂಪ್ ಒಂದೇ ದಾರಿ. ಡೇಟಾಬೇಸನ್ನು ಲಿನಕ್ಸಿನಲ್ಲಿ ನೀವೇ ಮೊದಲು ತೆರೆಯಿರಿ, ಯುಟಿಎಫ್-8 ಎಂದು ಹೇಳಿ. ವಿಂಡೋಸಿನ ಲೊಕೇಲ್ (ಭಾಷೆ, ಪ್ರದೇಶದ ಸೆಟ್ಟಿಂಗ್) ಹೆಸರುಗಳು ಲಿನಕ್ಸಿಗೆ ಗೊತ್ತಿಲ್ಲ, ಡಂಪೇ ಡೇಟಾಬೇಸನ್ನು ತೆರೆಯಲಿ ಎಂದು ಬಿಟ್ಟರೆ ಅಲ್ಲೇ ನಿಲ್ಲುತ್ತದೆ.

ಹಳೇ ಕಡತಗಳಲ್ಲಿ ಇನ್ನೊಂದು ಪಂಗಡ ಇದೆ. ನುಡಿ, ಬರಹದ ಯುನಿಕೋಡ್ ಅಲ್ಲದ ಫಾಂಟುಗಳಲ್ಲಿ ಟೈಪ್ ಮಾಡಿ ಹಾಗೇ ಡೇಟಾಬೇಸಿಗೆ ಹಾಕಿದವು. ಅವು ಒಳಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗೇ ಇವೆ. ಫಾಂಟ್ ಇದ್ದಲ್ಲಿ ಮಾತ್ರ ಕನ್ನಡವಾಗಿ ಕಾಣುತ್ತವೆ. ಆವೃತ್ತಿ ಬದಲಾದರೂ ಅವು ಹಾಗೇ ಬರುತ್ತವೆ, ಸುಧಾರಿಸುವುದೂ ಇಲ್ಲ, ಕೆಡುವುದೂ ಇಲ್ಲ. ಯುನಿಕೋಡ್‌ಗೆ ಪರಿವರ್ತಿಸುವ ಆಸೆಯಿದ್ದರೆ ಅದನ್ನು ಬೇರೆ ದಿನ ಮಾಡಿ. ಎರಡನ್ನೂ ಒಂದೇ ದಿನ ಮಾಡಿದರೆ ತಪ್ಪು ಹುಡುಕುವುದು ಕಷ್ಟ. ಇನ್ನು ಹಳೆಯದರಲ್ಲೇ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು ಕೂತಿದ್ದರೆ ಆ ಹೆಸರುಗಳು ಎಂದೋ ಹೋಗಿವೆ. ಕಾಗದದ ರಿಜಿಸ್ಟರ್ ತೆರೆಯಬೇಕು.

ಹೆಸರು ಪಟ್ಟಿಯಲ್ಲಿ ಕಾಣುತ್ತೆ, ಹುಡುಕಿದರೆ ಸಿಗಲ್ಲ. ಇದೇನು ಮಾಯೆ?

ಡೇಟಾ ಡೈರೆಕ್ಟರಿಯನ್ನೇ ಹೊಸ ಆಪರೇಟಿಂಗ್ ಸಿಸ್ಟಮ್‌ಗೆ ಒಯ್ದಿದ್ದೀರಾ? ಹಾಗಿದ್ದರೆ ಕಾರಣ ಅಲ್ಲೇ ಇದೆ. ಅಕ್ಷರಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕು ಎಂಬುದನ್ನು ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಸಿಸ್ಟಮ್‌ನ ಜಿಲಿಬ್‌ಸಿ ಲೈಬ್ರರಿಯಿಂದ ಕೇಳಿ ತಿಳಿಯುತ್ತದೆ. 2018ರಲ್ಲಿ ಬಂದ ಜಿಲಿಬ್‌ಸಿ 2.28ರಲ್ಲಿ ಈ ಕ್ರಮ ದೊಡ್ಡದಾಗಿ ಬದಲಾಯಿತು. ಉಬುಂಟು 18.04ರಲ್ಲಿ ಹಳೇ ಕ್ರಮ, 20.04ರಲ್ಲಿ ಹೊಸದು. ಡೆಬಿಯನ್‌ನಲ್ಲಿ 9ಕ್ಕೂ 10ಕ್ಕೂ ನಡುವೆ. ಇಂಡೆಕ್ಸ್ (ಬೇಗ ಹುಡುಕಲು ಇರುವ ಸೂಚಿ) ಹಳೇ ಕ್ರಮದಲ್ಲಿ ಜೋಡಿಸಿದ್ದು, ಹುಡುಕುವವರು ಹೊಸ ಕ್ರಮದಲ್ಲಿ ಹುಡುಕುತ್ತಾರೆ, ಸಿಗುವುದು ಹೇಗೆ? ಡೆಬಿಯನ್ ಆಧಾರದ ಡಾಕರ್ ಇಮೇಜ್ ಬಿಟ್ಟು ಆಲ್ಪೈನ್ ಇಮೇಜ್‌ಗೆ ಹೋದರೂ ಇದೇ ಗೋಳು.

ಪಠ್ಯದ ಇಂಡೆಕ್ಸ್‌ಗಳನ್ನೆಲ್ಲ ರೀಇಂಡೆಕ್ಸ್ ಮಾಡಿದರೆ ಸರಿಹೋಗುತ್ತದೆ. ಅಷ್ಟರೊಳಗೆ ಒಂದೇ ಇರಬೇಕಾದ ಕಡೆ ಎರಡು ದಾಖಲೆ ನುಸುಳಿದ್ದರೆ ರೀಇಂಡೆಕ್ಸ್ ಅಲ್ಲಿ ನಿಲ್ಲುತ್ತದೆ. ಡಂಪ್ ದಾರಿಯಲ್ಲಿ ಬಂದವರಿಗೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ, ಯಾಕೆಂದರೆ ಅಲ್ಲಿ ಇಂಡೆಕ್ಸ್‌ಗಳನ್ನು ಹೊಸದಾಗಿ ಕಟ್ಟಲಾಗುತ್ತದೆ. ನಾನು ಆ ದಾರಿಯ ಪರ ಇರುವುದಕ್ಕೆ ಇದೂ ಒಂದು ಕಾರಣ.

ಪಾಸ್‌ವರ್ಡ್ ಸರಿಯಿದೆ, ಆದರೂ ಒಳಗೆ ಬಿಡ್ತಿಲ್ಲ.

14ನೇ ಆವೃತ್ತಿಯಿಂದ ಪಾಸ್‌ವರ್ಡ್ ಕೂಡಿಡುವ ಮೂಲ ರೀತಿ ಎಂಡಿ5 ಬದಲು ಸ್ಕ್ರ್ಯಾಮ್ ಆಗಿದೆ. ಹಳೆಯದರಿಂದ ಬಂದ ಪಾಸ್‌ವರ್ಡ್‌ಗಳು ಎಂಡಿ5 ರೂಪದಲ್ಲೇ ಬಂದಿರುತ್ತವೆ. ಹೊಸದರ ಪಿಜಿ-ಎಚ್‌ಬಿಎ ಫೈಲು (ಯಾರನ್ನು ಹೇಗೆ ಒಳಗೆ ಬಿಡಬೇಕು ಎಂದು ಹೇಳುವುದು) ಸ್ಕ್ರ್ಯಾಮ್ ಮಾತ್ರ ಎಂದು ಹೇಳಿದರೆ ಅವರಿಗೆ ಪ್ರವೇಶವಿಲ್ಲ. ಅದೇ ಪಾಸ್‌ವರ್ಡನ್ನು ಮತ್ತೊಮ್ಮೆ ಕೊಟ್ಟು ಸೆಟ್ ಮಾಡಿ, ಹೊಸ ರೂಪದಲ್ಲಿ ಕೂರುತ್ತದೆ. ತಂತ್ರಾಂಶದ ಡ್ರೈವರ್ ತೀರಾ ಹಳೆಯದಾಗಿ ಅದಕ್ಕೆ ಸ್ಕ್ರ್ಯಾಮ್ ಬಾರದಿದ್ದರೆ ಡ್ರೈವರನ್ನೇ ಬದಲಿಸಿ. ಎಂಡಿ5ಗೆ ವಾಪಸ್ ಹೋಗುವುದು ಸದ್ಯಕ್ಕೆ ನಡೆಯುತ್ತದೆ, ಆದರೆ 18ರಲ್ಲಿ ಅದನ್ನು ಕೈಬಿಡುವ ಸೂಚನೆ ಕೊಟ್ಟಾಗಿದೆ.

ಪಬ್ಲಿಕ್ ಸ್ಕೀಮಾಗೆ ಅನುಮತಿ ಇಲ್ಲ ಅಂತ ಬರ್ತಿದೆ.

15ರಿಂದ, ಹೊಸದಾಗಿ ತೆರೆದ ಡೇಟಾಬೇಸಿನಲ್ಲಿ ಯಾರು ಬೇಕಾದರೂ ಪಬ್ಲಿಕ್ ಸ್ಕೀಮಾದಲ್ಲಿ (ಟೇಬಲ್‌ಗಳನ್ನಿಡುವ ಮೂಲ ವಿಭಾಗ) ಟೇಬಲ್ ಮಾಡುವಂತಿಲ್ಲ. ಡೇಟಾಬೇಸಿನ ಮಾಲೀಕತ್ವವನ್ನು ತಂತ್ರಾಂಶದ ಬಳಕೆದಾರನಿಗೇ ಕೊಡಿ.

ಹೊಸದು ಹಳೆಯದಕ್ಕಿಂತ ನಿಧಾನ ಅಂತಾರೆ ಆಫೀಸಿನವರು.

ಅನಲೈಜ್ ಓಡಿಸಿಲ್ಲ, ಅಷ್ಟೇ ಇರಬೇಕು. ಟೇಬಲ್‌ನಲ್ಲಿ ಏನು ಎಷ್ಟಿದೆ ಎಂಬ ಅಂದಾಜು ಇಲ್ಲದೆ ಪೋಸ್ಟ್‌ಗ್ರೆಸ್ ಕುರುಡಾಗಿ ದಾರಿ ಆರಿಸುತ್ತದೆ. ವ್ಯಾಕ್ಯೂಮ್‌ಡಿಬಿಯಲ್ಲಿ ಹಂತಹಂತವಾಗಿ ಅನಲೈಜ್ ಮಾಡುವ ಆಯ್ಕೆ ಇದೆ. 18ಕ್ಕೆ ಪಿಜಿ-ಅಪ್‌ಗ್ರೇಡ್‌ನಿಂದ ಹೋದವರಿಗೆ ಈ ಅಂದಾಜುಗಳಲ್ಲಿ ಬಹುಪಾಲು ಜತೆಗೇ ಬರುತ್ತವೆ.

ಯಾವ ಸಮಯದಲ್ಲಿ ಮಾಡೋದು ಒಳ್ಳೆಯದು?

ಪುಸ್ತಕದಲ್ಲಿ 'ಬಳಕೆ ಕಡಿಮೆ ಇರುವಾಗ' ಎಂದಿರುತ್ತದೆ. ನಮ್ಮ ಊರಿಗೆ ಇದನ್ನು ಬಿಡಿಸಿ ಹೇಳಬೇಕು. ನವೆಂಬರ್‌ನಿಂದ ಅರೇಬಿಕಾ ಕೊಯ್ಲು, ಅದರ ಬೆನ್ನಿಗೇ ರೋಬಸ್ಟಾ. ಆಗ ಆಳುಗಳ ಲೆಕ್ಕ ದಿನಾ ಬದಲಾಗುತ್ತದೆ, ಸರ್ವರ್ ಮುಟ್ಟಬಾರದು. ಮಾರ್ಚ್ ಕೊನೆಗೆ ವರ್ಷದ ಲೆಕ್ಕ. ಜೂನ್ ಹಿಡಿಯಿತೆಂದರೆ ಮಳೆ, ತಂತಿ ಮೇಲೆ ಮರ, ದಿನಗಟ್ಟಲೆ ಕರೆಂಟ್ ಇಲ್ಲ. ಉಳಿದದ್ದು ಏಪ್ರಿಲ್-ಮೇ, ಇಲ್ಲವೇ ಅಕ್ಟೋಬರ್. ಏಪ್ರಿಲ್-ಮೇಯಲ್ಲಿ ಸಂಜೆ ಗುಡುಗು ಸಿಡಿಲು ಇರುತ್ತದೆ, ಬೆಳಗ್ಗೆಯೇ ಮುಗಿಸಿ. ಹೋಂಸ್ಟೇಯವರು ಶನಿವಾರ, ಭಾನುವಾರ ಬಿಟ್ಟು ಮಂಗಳವಾರವೋ ಬುಧವಾರವೋ ನೋಡಿ. ಬಟವಾಡೆಯ ಹಿಂದಿನ ದಿನ ಮಾತ್ರ ಬೇಡವೇ ಬೇಡ.

ಮನೆ ಇನ್ವರ್ಟರ್ ನೆಚ್ಚಿಕೊಳ್ಳಬೇಡಿ. ಕರೆಂಟ್ ಹೋಗಿ ಅದು ಹಿಡಿದುಕೊಳ್ಳುವ ಅಷ್ಟರಲ್ಲಿ ಕೆಲವು ಕಂಪ್ಯೂಟರ್‌ಗಳು ರೀಸ್ಟಾರ್ಟ್ ಆಗಿಬಿಡುತ್ತವೆ. ಒಂದು ಯುಪಿಎಸ್ ಇರಲಿ. ದೂರದಿಂದ ಲಾಗಿನ್ ಆಗಿ ಮಾಡುತ್ತಿದ್ದರೆ ಟೀಮಕ್ಸ್ (ಸಂಪರ್ಕ ಕಡಿದರೂ ಕೆಲಸ ಮುಂದುವರಿಸುವ ಟರ್ಮಿನಲ್ ಉಪಕರಣ) ಒಳಗೆ ಓಡಿಸಿ. ಘಟ್ಟದ ಅಂಚಿನಲ್ಲಿ ಇಂಟರ್ನೆಟ್ ಯಾವಾಗ ಕಡಿಯುತ್ತದೋ ಹೇಳಲಾಗದು, ಅದಿಲ್ಲದೆ ಸಂಪರ್ಕ ಕಡಿದರೆ ಅರ್ಧ ತುಂಬಿದ ಕೆಲಸವೂ ಸಾಯುತ್ತದೆ.

ಎಷ್ಟು ಹೊತ್ತು ಹಿಡಿಯುತ್ತೆ?

ನಿಮ್ಮ ಯಂತ್ರದ ಮೇಲೆ ಒಮ್ಮೆ ರಿಹರ್ಸಲ್ ಮಾಡಿದರೆ ಮಾತ್ರ ಗೊತ್ತಾಗುವುದು. ರಿಹರ್ಸಲ್‌ನ ಡಂಪ್‌ಗೆ ತಂತ್ರಾಂಶ ನಿಲ್ಲಿಸಬೇಕಿಲ್ಲ, ಹಾಗಾಗಿ ಯಾವುದೋ ಸಂಜೆ ತೆಗೆದು ಬೇರೆ ಕಂಪ್ಯೂಟರ್‌ಗೆ ತುಂಬಿ ನೋಡಿ. ಹೊತ್ತೂ ತಿಳಿಯುತ್ತದೆ, ಬ್ಯಾಕಪ್ ನಿಜವಾಗಿ ತೆರೆಯುತ್ತದೋ ಇಲ್ಲವೋ ಎಂಬುದೂ ತಿಳಿಯುತ್ತದೆ. ತುಂಬಿ ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆ ದಿನ ಆಫೀಸಿನವರಿಗೆ ಹೇಳುವಾಗ ರಿಹರ್ಸಲ್‌ಗೆ ಹಿಡಿದದ್ದರ ಮೂರು ಪಟ್ಟು ಹೇಳಿ.

ಸರಿಬರದಿದ್ದರೆ ಹಳೆಯದಕ್ಕೆ ವಾಪಸ್ ಹೋಗಬಹುದಾ?

ಹೊಸದರಲ್ಲಿ ಯಾರೂ ಏನೂ ಬರೆಯುವ ಮುಂಚೆ, ಆರಾಮಾಗಿ. ತಂತ್ರಾಂಶಕ್ಕೆ ಹಳೇ ಪೋರ್ಟ್ ತೋರಿಸಿದರೆ ಆಯಿತು. ಎರಡು ದಿನದ ಬುಕಿಂಗ್, ವೋಚರ್ ಬಿದ್ದ ಮೇಲೆ ವಾಪಸ್ ಹೋದರೆ ಅವನ್ನು ಕೈಯಾರೆ ಮತ್ತೆ ಹಾಕಬೇಕು. ಹೊಸ ಆವೃತ್ತಿಯಿಂದ ತೆಗೆದ ಡಂಪ್ ಹಳೆಯದಕ್ಕೆ ತುಂಬಿಕೊಳ್ಳುತ್ತದೆ ಎಂಬ ಭರವಸೆ ಯಾರೂ ಕೊಡುವುದಿಲ್ಲ. ಅದಕ್ಕೇ ತಾಳೆ ನೋಡುವ ಕೆಲಸವನ್ನೆಲ್ಲ ಬಾಗಿಲು ತೆರೆಯುವ ಮೊದಲೇ ಮುಗಿಸಬೇಕು. ತೆರೆದ ಮೇಲೆ ಹಳೇ ಸರ್ವರನ್ನು ನಿಲ್ಲಿಸಿಬಿಡಿ. ಎರಡೂ ಎದ್ದಿದ್ದರೆ, ಎಲ್ಲೋ ಒಂದು ಕಂಪ್ಯೂಟರ್ ಹಳೇ ವಿಳಾಸಕ್ಕೇ ಬರೆಯುತ್ತಾ ಕೂತಿರುತ್ತದೆ, ತಿಂಗಳ ಕೊನೆಗೆ ಪತ್ತೆಯಾಗುತ್ತದೆ.

ಹಳೇ ಡೈರೆಕ್ಟರಿ ಯಾವಾಗ ಅಳಿಸಲಿ?

ಎಸ್ಟೇಟಿಗೆ ಒಂದು ಪೂರ್ತಿ ತಿಂಗಳ ಲೆಕ್ಕ ಮುಗಿದ ಮೇಲೆ. ಹೊಸದರ ದಿನದ ಬ್ಯಾಕಪ್ ಬರುತ್ತಿದೆಯಾ ಅದಕ್ಕೂ ಮೊದಲು ನೋಡಿ. ಹಳೇ ಪೋರ್ಟ್‌ನಿಂದಲೇ ಡಂಪ್ ತೆಗೆಯುವ ಸ್ಕ್ರಿಪ್ಟ್ ಹಾಗೇ ಉಳಿದಿರುವುದು ಬಹಳ ಕಡೆ ಕಂಡಿದ್ದೇನೆ. ಕೊನೆಯ ಡಂಪ್ ಫೈಲೊಂದನ್ನು ಬೇರೆ ಡಿಸ್ಕಿನಲ್ಲಿ ಉಳಿಸಿಕೊಂಡು ಡೈರೆಕ್ಟರಿ ಅಳಿಸಬಹುದು.

ನಮ್ಮದು ಮರಿಯಾಡಿಬಿ. ಇದೆಲ್ಲ ನಮಗೂ ಅನ್ವಯಿಸುತ್ತಾ?

ಮರಿಯಾಡಿಬಿ ಬೇರೆಯೇ ಒಂದು ಡೇಟಾಬೇಸ್. ಇಆರ್‌ಪಿನೆಕ್ಸ್ಟ್ ಎಂಬ ಲೆಕ್ಕಪತ್ರದ ತಂತ್ರಾಂಶ ಬಳಸುವವರು ಹೆಚ್ಚಾಗಿ ಇದನ್ನು ಕೇಳುತ್ತಾರೆ. ಅಲ್ಲಿ ಡೇಟಾ ಡೈರೆಕ್ಟರಿಯನ್ನು ಹಾಗೇ ಇಟ್ಟು ಹೊಸ ಆವೃತ್ತಿ ಹಾಕಬಹುದು. ಹಳೆಯದನ್ನು ಸರಿಯಾಗಿ ಶಟ್‌ಡೌನ್ ಮಾಡಿ, ಹೊಸದನ್ನು ಎಬ್ಬಿಸಿ, ಮರಿಯಾಡಿಬಿ-ಅಪ್‌ಗ್ರೇಡ್ ಓಡಿಸಬೇಕು. ಸುಲಭ ನಿಜ, ಆದರೆ ಒಮ್ಮೆ ಮೇಲೆ ಹೋದ ಡೈರೆಕ್ಟರಿ ಕೆಳಗೆ ಇಳಿಯುವುದಿಲ್ಲ. ಆದ್ದರಿಂದ ಡಂಪ್, ರಿಹರ್ಸಲ್, ರೈಟರ ತಾಳೆ ಮೂರೂ ಅಲ್ಲಿಯೂ ಬೇಕು. ಮೈಎಸ್‌ಕ್ಯುಎಲ್ ಇರುವವರು 5.7ರಿಂದ ನೇರ 8.4ಕ್ಕೆ ಹಾರುವಂತಿಲ್ಲ, 8.0ರಲ್ಲಿ ಒಮ್ಮೆ ಇಳಿದೇ ಹೋಗಬೇಕು. ಮೈಎಸ್‌ಕ್ಯುಎಲ್ 8ರ ಡೈರೆಕ್ಟರಿಯನ್ನು ಮರಿಯಾಡಿಬಿಗೆ ಕೊಟ್ಟರೆ ಅದು ತೆಗೆದುಕೊಳ್ಳುವುದಿಲ್ಲ. ಹೆಸರಿನಲ್ಲಿ ನೆಂಟರಾದರೂ ಈಗ ಬೇರೆ ಬೇರೆ ಮನೆ.